ದುಂಡಮ್ಮನ ಗೋಡೆಯ ಸದ್ದು

ಬಡಿದೆನೋ ಇಲ್ಲವೋ ಎಂಬುದೇ ಖಾತ್ರಿಯಿಲ್ಲದಿರುವಾಗ, ಬಡಿದಾಗ ಬಂದ ಸದ್ದು ಮಾತ್ರ ಇಷ್ಟು ಚೆನ್ನಾಗಿ ನೆನಪಿರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಸದ್ದು ಇದೆ. ನೆನೆದ ಗೋಣಿಚೀಲಕ್ಕೆ ಕೋಲಿನಲ್ಲಿ ಹೊಡೆದ ಹಾಗೆ, ದಪ್, ದಪ್. ಬೆರಳಿನ ಗೆಣ್ಣಿಗೆ ಹತ್ತಿದ ಸುಣ್ಣದ ಪುಡಿಯೂ ಇದೆ. ಆದರೆ ಆ ಗೋಡೆಯ ಮುಂದೆ ಕೈ ಎತ್ತಿ ನಿಂತಿರಬೇಕಾದ ನಾನು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಬಡಿದದ್ದು ಬೇರೆ ಯಾರದೋ ಮನೆಯ ಗೋಡೆಯಾಗಿದ್ದು, ನೆನಪು ಅದರ ಸದ್ದನ್ನು ಎತ್ತಿಕೊಂಡು ಬಂದು ದುಂಡಮ್ಮನ ಮನೆಗೆ ಅಂಟಿಸಿರಬಹುದು. ನನ್ನ ನೆನಪಿಗೆ ಈ ಚಾಳಿ ಮೊದಲಿನಿಂದಲೂ ಇದೆ. ಆದ್ದರಿಂದ ಮುಂದೆ ಹೇಳುವುದನ್ನೆಲ್ಲ ನೀವು ಸ್ವಲ್ಪ ಅನುಮಾನದಿಂದಲೇ ಕೇಳಿಸಿಕೊಂಡರೆ ನನಗೆ ಬೇಸರವಿಲ್ಲ. ನಾನೂ ಹಾಗೆಯೇ ಹೇಳುತ್ತಿದ್ದೇನೆ.

ಇದೆಲ್ಲ ಮೇಲೆದ್ದದ್ದು ಮೊನ್ನೆ ಬೆಳಿಗ್ಗೆ. ಚಾಮರಾಜನಗರದ ನಮ್ಮ ಮನೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೋನು, ಹೆಗಲಿನ ಚೀಲದಿಂದ ಇಣುಕುವ ನೀರಿನ ಬಾಟಲಿ. ಮನೆಗಳ ಪಟ್ಟಿ ಮಾಡಲು ಹಾಕಿದ್ದಾರೆ, ಶಾಲೆಯಲ್ಲಿ ಟೀಚರು ಅಂದಳು. ನಾನೂ ಮೇಷ್ಟ್ರಾಗಿ ನಿವೃತ್ತನಾದವನು, ಇಂಥ ಬಿಸಿಲಿನಲ್ಲಿ ಇಂಥದೇ ಪಟ್ಟಿ ಹಿಡಿದು ತಿರುಗಿದವನು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ತಲೆ ಎತ್ತದೆ ಪ್ರಶ್ನೆ ಶುರುಮಾಡಿದ್ದಳು.

"ಅಂಕಲ್, ಗೋಡೆ ಯಾವ್ದ್ರದು?"

ನಾನು ಬಾಯಿ ತೆಗೆಯುವ ಮೊದಲೇ ಬೆರಳು ಮಡಚಿ ಬಾಗಿಲ ಪಕ್ಕದ ಗೋಡೆಗೆ ಎರಡು ಸಲ ಬಡಿದಳು. ಟಕ್, ಟಕ್. "ಇಟ್ಟಿಗೆ" ಎಂದು ತಾನೇ ಹೇಳಿಕೊಂಡಳು.

ನಾನು ಜಗುಲಿಯ ಮೇಲೆ ಕೂತುಬಿಟ್ಟೆ.

"ಯಾಕ್ ಅಂಕಲ್, ಹುಷಾರಿಲ್ವಾ?"

"ಬಡಿದು ನೋಡೋದನ್ನ ಯಾರಮ್ಮ ಹೇಳ್ಕೊಟ್ಟಿದ್ದು?"

"ಟ್ರೈನಿಂಗಲ್ಲಿ ಹೇಳಿದ್ರು. ಸುಣ್ಣ ಬಣ್ಣ ನೋಡಿ ಮೋಸ ಹೋಗ್ಬೇಡಿ, ಬಡಿದು ನೋಡಿ ಅಂತ."

ನಮಗೂ ಇದನ್ನೇ ಹೇಳಿದ್ದರು. ಕೂತು ಸ್ವಲ್ಪ ಕಾಫಿ ಕುಡಿದು ಹೋಗಮ್ಮ ಎಂದೆ. ಅವಳಿಗೂ ನೆರಳು ಬೇಕಾಗಿತ್ತು, ಕೂತಳು. ಅವಳು ಲೋಟ ಮುಗಿಸುವಷ್ಟು ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗ ಅದು ಉದ್ದವಾಗುತ್ತಿದೆ, ಅದಕ್ಕೆ ನೀವು ಹೊಂದಿಕೊಳ್ಳಬೇಕು.

ಹದಿನಾಲ್ಕೋ ಹದಿನೈದೋ ವರ್ಷದ ಹಿಂದಿನ ಮಾತು. ಆಗ ನಾನು ಉಡಿಗಾಲದ ಆಚೆಯ ಒಂದು ಶಾಲೆಯಲ್ಲಿದ್ದೆ. ಯಾರ ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ತಿಳಿಯಲು ಸರ್ಕಾರ ಊರೂರು ಎಣಿಸಲು ಹೊರಟಿತ್ತು, ಎಣಿಸುವುದಕ್ಕೆ ಯಥಾಪ್ರಕಾರ ಮೇಷ್ಟ್ರುಗಳನ್ನು ಹಿಡಿದಿತ್ತು. ನನಗೆ ಬಿದ್ದದ್ದು ಹರವೆ ಕಡೆಯ ಒಂದು ಊರು. ಫಾರಮಿನಲ್ಲಿ ಗೋಡೆಗೆ ಒಂದು ಚೌಕ, ಚಾವಣಿಗೆ ಒಂದು ಚೌಕ. ಹುಲ್ಲು ಸೋಗೆಯಾದರೆ ಒಂದು ಅಂಕಿ, ಮಣ್ಣು ಅಥವಾ ಹಸಿ ಇಟ್ಟಿಗೆಯಾದರೆ ಒಂದು, ಸುಟ್ಟ ಇಟ್ಟಿಗೆಯಾದರೆ ಇನ್ನೊಂದು. ಯಾವುದಕ್ಕೆ ಎಷ್ಟು ಎಂಬುದು ಮರೆತಿದೆ. ಒಂದು ಚೌಕದಲ್ಲಿ ಒಂದೇ ಅಂಕಿ ಹಿಡಿಯುತ್ತಿತ್ತು ಎಂಬುದು ನೆನಪಿದೆ.

ಒಂದು ಮನೆ ಎಷ್ಟು ಕೆಟ್ಟಿದೆ ಎಂಬುದನ್ನು ಒಂದು ಅಂಕಿಯಲ್ಲಿ ಹೇಳುವ ಕೆಲಸವನ್ನು ನಾನು ಆಗ ಗೇಲಿ ಮಾಡುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಎಲ್ಲೋ ಒಂದು ಕಚೇರಿಯಲ್ಲಿ ಒಬ್ಬ ಕೂತಿರುತ್ತಾನೆ. ಅವನ ಮುಂದೆ ಸಾವಿರಾರು ಮನೆ, ಕೈಯಲ್ಲಿ ಕೆಲವೇ ಮನೆ ಕಟ್ಟಿಸುವ ಅಧಿಕಾರ. ಅವನು ಯಾವ ಗೋಡೆಯನ್ನೂ ನೋಡಲಾರ. ಅವನಿಗೆ ಅಂಕಿಯೇ ಬೇಕು. ಆ ಅಂಕಿ ಸರಿಯಾಗಿರಬೇಕಾದರೆ ಬಿಸಿಲಿನಲ್ಲಿ ನಿಂತವನೊಬ್ಬ ಕೈ ಎತ್ತಿ ಬಡಿಯಬೇಕು. ಅಷ್ಟೇ ಇದ್ದದ್ದು ನನ್ನ ಕೆಲಸ.

ನನಗೆ ಊರು ತೋರಿಸಲು ಪಂಚಾಯ್ತಿಯವರು ಸಿದ್ದಶೆಟ್ಟಿಯನ್ನು ಕೊಟ್ಟಿದ್ದರು. ಊರಿಗೆ ನೀರು ಬಿಡುವ ನೀರುಗಂಟಿ. ಯಾರ ಮನೆಯಲ್ಲಿ ಎಷ್ಟು ಕೊಡ ಎನ್ನುವುದರಿಂದ ಹಿಡಿದು ಯಾರ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ ಎನ್ನುವವರೆಗೆ ಎಲ್ಲವೂ ಅವನಿಗೆ ಗೊತ್ತು. ಊರ ಬಾಗಿಲಲ್ಲೇ ಸೈಕಲ್ ಒರಗಿಸಿಕೊಂಡು ಕಾಯುತ್ತಿದ್ದವನು ನನ್ನನ್ನು ಕಂಡು ನಕ್ಕ.

"ಬನ್ನಿ ಸಾ. ಇವತ್ತು ಊರಿಗೂರೇ ಮದ್ವೆ ಮನೆ ಆಗ್ಬುಟ್ಟದೆ ನೋಡಿ."

ನಿಜವಾಗಿಯೂ ಹಾಗೇ ಇತ್ತು. ಬೀದಿಯ ಎರಡೂ ಕಡೆ ಹಸಿ ಸುಣ್ಣದ ವಾಸನೆ. ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ ಎಳೆದ ಗೋಡೆಗಳು, ಸಾರಿಸಿ ರಂಗೋಲಿ ಬಿಟ್ಟ ಅಂಗಳ, ಜಗುಲಿಯಲ್ಲಿ ತೊಳೆದು ಬೋರಲು ಹಾಕಿದ ಹಿತ್ತಾಳೆ ಬಿಂದಿಗೆ.

"ಏನ್ ವಿಶೇಷ ಸಿದ್ದಶೆಟ್ಟಿ?"

"ನೀವೇ ಸಾ ವಿಶೇಷ. ಮೊನ್ನೆ ಆಟೋಗೆ ಮೈಕ್ ಕಟ್ಟಿ ಕೂಗುಸ್ದೊ. ಮನೆ ನೋಡಕೆ ಸರ್ಕಾರ್ದೋರು ಬತ್ತಾವ್ರೆ, ಎಲ್ರೂ ಮನೇಲೇ ಇರಿ ಅಂತ. ಬಂದೋರು ನೋಡಕೆ ಬರದು ಮನೆ ಅಂದ್ಮೇಲೆ ಅಂಗೇ ಮಡಗಿರಕಾಯ್ತದಾ? ನೆನ್ನೆ ಸಂದೆಗಂಟ ಬಳ್ದವ್ರೆ ಸಾ. ಊರಲ್ಲಿ ಒಂದು ಚಮಚ ಸುಣ್ಣ ಉಳುದಿಲ್ಲ."

ನೀವು ನಗಬಹುದು. ನಾನೂ ನಕ್ಕೆ. ಕೆಟ್ಟ ಮನೆಗಳನ್ನು ಹುಡುಕಿಕೊಂಡು ಬಂದವನಿಗೆ ಊರೆಲ್ಲ ಒಳ್ಳೆಯ ಮನೆಗಳನ್ನು ತೋರಿಸಲು ಸಿದ್ಧವಾಗಿ ನಿಂತಿತ್ತು. ಬರುವವರು ಏತಕ್ಕೆ ನೋಡುತ್ತಾರೆ ಎಂದು ಮೈಕಿನವನು ಹೇಳಿರಲಿಲ್ಲ. ನಾವೂ ಹೇಳುವಂತಿರಲಿಲ್ಲ. ಪಟ್ಟಿ ಏತಕ್ಕೆಂದು ಹೇಳಿದರೆ ಜನ ಇದ್ದದ್ದನ್ನು ಇಲ್ಲವೆನ್ನುತ್ತಾರೆ, ಯಾರಿಗೂ ಮನೆಯ ಆಸೆ ತೋರಿಸಕೂಡದು ಎಂದು ಟ್ರೈನಿಂಗಿನಲ್ಲಿ ಕಟ್ಟುನಿಟ್ಟು ಮಾಡಿದ್ದರು. ಇಲ್ಲದ್ದನ್ನು ಇದೆ ಎನ್ನುವ ಜನರೂ ಇರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ.

ಒಬ್ಬ ಮಾತ್ರ ಎಲ್ಲ ತಿಳಿದುಕೊಂಡಿದ್ದ. ದುಂಡಮ್ಮನ ಎದುರು ಮನೆಯ ಯಜಮಾನ. ಅವನಿಗೆ ತಾರಸಿ ಮನೆಯಿತ್ತು, ಅದಕ್ಕೆ ಬೀಗ ಹಾಕಿತ್ತು. ಅವನು ಪಕ್ಕದ ದನದ ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡು, ತಲೆದಿಂಬು ಇಟ್ಟುಕೊಂಡು, ಕಂಬಳಿ ಹೊದ್ದು ಕೂತಿದ್ದ. "ಯಜಮಾನ್ರು ಯಾವಾಗ ಇಲ್ಲಿಗೆ ಬಿಡಾರ ತಂದ್ರಿ?" ಎಂದು ಸಿದ್ದಶೆಟ್ಟಿ ಕೇಳಿದ. "ಸುಮ್ನಿರ್ಲಾ, ನೀರು ಬುಡೋ ಕೆಲ್ಸ ನೋಡು" ಎಂದು ಅವನು ಗದರಿದ. ಹಿತ್ತಿಲಲ್ಲಿ ಕಟ್ಟಿದ್ದ ಎಮ್ಮೆ ತನ್ನ ಜಾಗದಲ್ಲಿ ಕೂತಿರುವವನನ್ನು ನೋಡಿ ಒಂದೇ ಸಮನೆ ಕೂಗುತ್ತಿತ್ತು. ಮುಂದೆ ಅವನಿಗೆ ಮನೆ ಮಂಜೂರಾಯಿತು ಎಂದು ನನ್ನ ನೆನಪು. ಆದರೆ ಇದು ದುಂಡಮ್ಮನ ಕಥೆಗೆ ತೀರ ಚೆನ್ನಾಗಿ ಹೊಂದಿಕೊಂಡುಬಿಡುತ್ತದೆ, ಅದಕ್ಕೇ ನನಗೆ ಅನುಮಾನ. ಅವನಿಗೆ ಮನೆ ಬಾರದೆಯೂ ಇರಬಹುದು. ಎಮ್ಮೆ ಕೂಗಿದ್ದು ಮಾತ್ರ ಖಂಡಿತ.

ದುಂಡಮ್ಮನ ಮನೆ ಬೀದಿಯ ಕೊನೆಯದು. ಗಂಡ ಶುಂಠಿ ಹೊಲದ ಕೆಲಸಕ್ಕೆಂದು ವಯನಾಡಿನ ಕಡೆ ಹೋದವನು ಹಬ್ಬಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು, ಮಗಳು ಮಾದೇವಿ. ನಾಡಹೆಂಚಿನ ಚಾವಣಿ. ಮುಂದಿನ ಗೋಡೆ ಮಾತ್ರ ಕನ್ನಡಿಯ ಹಾಗೆ ನುಣುಪಾಗಿತ್ತು. ಮಣ್ಣನ್ನು ಜರಡಿ ಹಿಡಿದು, ಸಗಣಿ ಸೇರಿಸಿ ಮೆತ್ತಿ, ಒಣಗಿದ ಮೇಲೆ ಉಜ್ಜಿ, ಸುಣ್ಣಕ್ಕೆ ಚೂರು ನೀಲಿ ಹಾಕಿ ಬಳಿದಿದ್ದಳು. ಇಟ್ಟಿಗೆ ಕಟ್ಟಿ ಗಾರೆ ಮಾಡಿದ ಮೇಸ್ತ್ರಿಯೂ ಅಷ್ಟು ಸಮ ಮಾಡಲಾರ. ಬಾಗಿಲಿನ ಎರಡೂ ಪಕ್ಕ ಕೆಮ್ಮಣ್ಣಿನಲ್ಲಿ ಬಳ್ಳಿ ಬರೆದಿದ್ದಳು.

"ಬನ್ನಿ ಸಾ, ಕುಂತ್ಕಳಿ. ಆ ಚೇರ್ ಮೇಲೆ ಕುಂತ್ಕಳಿ, ಗಟ್ಟಿಯಾಗದೆ. ನಮ್ದಲ್ಲ, ಅದ್ಕೇ."

ಮಜ್ಜಿಗೆ ಬಂತು. ನಾನು ಹೆಸರು, ವಯಸ್ಸು, ಎಷ್ಟು ಜನ ಎಂದೆಲ್ಲ ಬರೆದುಕೊಂಡು ಗೋಡೆಯ ಚೌಕಕ್ಕೆ ಬಂದೆ. ಅವಳು ಬಗ್ಗಿ ಫಾರಮು ನೋಡಿದಳು. ಓದಲು ಬರುತ್ತಿರಲಿಲ್ಲ, ಆದರೂ ನೋಡಿದಳು.

"ಮನೆ ಎಂಗದೆ ಸಾ?"

"ಚೆನ್ನಾಗಿದೆಯಮ್ಮ."

"ಅಂಗೇ ಬರ್ಕಳಿ ಮತ್ತೆ. ಹಾಳು ಮೂಳು ಅಂತ ಬರೀಬ್ಯಾಡಿ. ಬರೋ ಸೋಮಾರ ಭೀಮನಬೀಡಿನೋರು ನಮ್ಮ ಮಾದೇವಿನ ನೋಡಕೆ ಬತ್ತಾವ್ರೆ. ನೀವು ಬರ್ದಿದ್ದ ಪಂಚಾಯ್ತಿ ಗೋಡೆಗೆ ಅಂಟುಸ್ತಾರಂತೆ. ಅವ್ರು ಬಸ್ ಇಳ್ದು ಅದನ್ನೇ ಓದ್ಕಂಡ್ ಬಂದ್ರೆ ನಾನೆಲ್ಲಿ ಮೊಕ ಮಡಿಕಳ್ಳಿ?"

ಒಳಗಿನಿಂದ ಮಾದೇವಿ, "ಸುಮ್ನಿರವ್ವ" ಅಂದಳು.

ಇಲ್ಲಿಗೆ ಬಂದು ನನ್ನ ನೆನಪು ನಿಲ್ಲುತ್ತದೆ. ಮುಂದಿನದು ಚೌಕದಲ್ಲಿ ಕೂತ ಅಂಕಿ. ಸುಟ್ಟ ಇಟ್ಟಿಗೆಯ ಅಂಕಿ. ಅವಳ ಮಾತಿಗೂ ಆ ಅಂಕಿಗೂ ನಡುವೆ ನಾನು ಎದ್ದು ಹೋಗಿ ಗೋಡೆ ಬಡಿದೆನೋ, ಕೂತಲ್ಲಿಂದಲೇ ನುಣುಪು ನೋಡಿ ಬರೆದೆನೋ? ಬಹಳ ವರ್ಷ ನಾನು ನಂಬಿದ್ದು ಎರಡನೆಯದನ್ನು. ಬಿಸಿಲಿತ್ತು, ಇನ್ನೂ ಬೀದಿಗಟ್ಟಲೆ ಮನೆಗಳಿದ್ದವು, ಅವಸರದಲ್ಲಿ ತಪ್ಪಾಯಿತು. ಅವಸರ ಎಂಬುದು ಮನುಷ್ಯ ತನ್ನ ಮೇಲೆ ತಾನು ಹೊರಿಸಿಕೊಳ್ಳಬಹುದಾದ ಅತ್ಯಂತ ಹಗುರವಾದ ಆರೋಪ.

ಕೆಲವು ತಿಂಗಳ ಮೇಲೆ ಪಟ್ಟಿ ಬಂತು. ಗ್ರಾಮಸಭೆಯಲ್ಲಿ ಓದಿದರು. ದುಂಡಮ್ಮ ಮಾರನೆಯ ದಿನ ನಾಲ್ಕು ಮೈಲಿ ನಡೆದು ನಮ್ಮ ಶಾಲೆಗೇ ಬಂದಳು. ಮಕ್ಕಳು ಊಟಕ್ಕೆ ಕೂತಿದ್ದರು. ಅವಳು ಹೊರಗೆ ಹುಣಸೆಮರದ ಕೆಳಗೆ ನಿಂತು, ಸೆರಗಿನಲ್ಲಿ ಕಟ್ಟಿ ತಂದಿದ್ದ ಅವರೆಕಾಯಿಯನ್ನು ಮೊದಲು ನನ್ನ ಕೈಚೀಲಕ್ಕೆ ಸುರಿದು, ಆಮೇಲೆ ಮಾತಾಡಿದಳು.

"ನಮ್ಮನೆ ಹೆಸ್ರೇ ಇಲ್ವಂತೆ ಸಾ. ಆಗ ಯೋಳ್ಬೋದಿತ್ತಲ್ಲ ಸಾ, ಕೆಟ್ಟ ಮನೇಗೆ ಹೊಸ ಮನೆ ಕೊಡದು ಅಂತ?"

"ಹೇಳಬಾರದು ಅಂತ ಆರ್ಡರಿತ್ತಮ್ಮ."

"ನಮ್ಮ ಗೋಡೆ ಇಟ್ಗೆ ಗೋಡೆ ಅಂತ ಅದ್ಯಂತೆ. ಯಾರ್ ಸಾ ಅಂಗಂದೋರು?"

ನಾನೇ ಎಂದು ಹೇಳಿದೆ ಎಂದು ಇಲ್ಲಿ ಬರೆಯಲು ಆಸೆಯಾಗುತ್ತಿದೆ. "ಎಲ್ಲೋ ಏನೋ ಹೆಚ್ಚುಕಡಿಮೆ ಆಗಿದೆ" ಎಂದಿರಬೇಕು. ಅದೇ ನನ್ನ ಬಾಯಿಗೆ ಹೆಚ್ಚು ಹೊಂದುವ ಮಾತು.

"ಹಿಂದ್ಲ ಗೋಡೆ ಹೊಟ್ಟೆ ಬುಟ್ಟದೆ ಸಾ" ಎಂದು ಅವಳು ಎರಡೂ ಅಂಗೈಯನ್ನು ಉಬ್ಬಿಸಿ ತೋರಿಸಿದಳು. "ಬೇವಿನ ಕಂಬ ಆಸರೆ ಕೊಟ್ಟಿವ್ನಿ. ಆ ಗೋಡೆ ಬುಡದಲ್ಲೇ ನಾನೂ ನನ್ ಮಗಳೂ ಮಲಗದು, ಬೇರೆ ಜಾಗ ಇಲ್ಲ. ಈ ಮಳೆಗಾಲ ತಡೀದು. ನಾನು ಮನೆ ಚೆನ್ನಾಗಿ ಮಡಗಿದ್ದೇ ತಪ್ಪಾಯ್ತಾ ಸಾ?"

ಆಕ್ಷೇಪಣೆ ಅರ್ಜಿ ಕೊಡಬಹುದು, ಮನೆಯ ಫೋಟೋ ಬೇಕು, ಫೋಟೋದಲ್ಲಿ ನೀವೂ ನಿಂತಿರಬೇಕು ಎಂದೆ. ಭಾನುವಾರ ನಾನೇ ಬರುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಸುಣ್ಣದ ಗಡಿಗೆ ಮುಟ್ಟಬೇಡಿ ಎಂದೆ. ಅದಕ್ಕೆ ಅವಳಿಗೆ ನಗು ಬಂತು.

"ಆಯ್ತು ಬುಡಿ. ಭೀಮನಬೀಡಿನ ಸಂಬಂಧ ಕುದುರ್ತು. ಈಗ ನಮ್ಮನೆ ಎಂಗ್ ಬೇಕಾದ್ರೂ ಬರ್ಕಳಿ."

ಭಾನುವಾರ ಹೋದೆ. ಮಾತಿಗೆ ತಪ್ಪದೆ ಸುಣ್ಣ ಬಳಿದಿರಲಿಲ್ಲ. ಆದರೆ ಧಾರೆಯ ದಿನ ಉಟ್ಟಿದ್ದ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಹೂ ಮುಡಿದು ಕಾಯುತ್ತಿದ್ದಳು. ಸಿದ್ದಶೆಟ್ಟಿಯೂ ಬಂದಿದ್ದ. "ಏನ್ ದುಂಡಕ್ಕ, ಎರಡನೇ ಮದ್ವೆಯಾ?" ಅಂದ. "ನಿನ್ ತಲೆ. ಫೋಟೋ ಅಂದ್ರೆ ಫೋಟೋ ಕಣ್ಲಾ" ಅಂದಳು.

ಹಿಂದಿನ ಗೋಡೆಯ ಬಳಿ ಹೋದರೆ, ಕಂಬಕ್ಕೂ ಗೋಡೆಗೂ ಮುಚ್ಚುವ ಹಾಗೆ ಹೂವಿನ ಹೊದಿಕೆಯೊಂದನ್ನು ಇಳಿಬಿಟ್ಟಿದ್ದಳು. ಅದನ್ನು ತೆಗೆಯಿರಿ ಎಂದೆ. ತೆಗೆಯಲಿಲ್ಲ.

"ಸರ್ಕಾರ್ದೋರು ನೋಡ್ಲಿ ಅಂತ ನನ್ ಮಾನ ನಾನೇ ಕಳ್ಕಬೇಕಾ ಸಾ?"

ಸಿದ್ದಶೆಟ್ಟಿ ಸೈಕಲ್ಲಿನ ಕಡೆ ನೋಡಿದ. ಕೊನೆಗೆ ಅವಳೇ ಹೊದಿಕೆಯನ್ನು ಸರಕ್ಕನೆ ಎಳೆದು, ನಾಲ್ಕು ಮಡಿಕೆ ಮಡಚಿ, ಎದೆಗೆ ಅವುಚಿಕೊಂಡು ಗೋಡೆಯ ಮುಂದೆ ನಿಂತಳು. ಮುಖವನ್ನು ಪಕ್ಕಕ್ಕೆ ತಿರುಗಿಸಿದ್ದಳು. ಮುಖ ಕಾಣಬೇಕೆಂದು ನಿಯಮವಿತ್ತು. ಎರಡನೆಯ ಸಲ ತೆಗೆದೆ.

ಆ ದಿನವೇ ಇರಬೇಕು, ಒಳಗಿನಿಂದ ಆ ಗೋಡೆಯನ್ನು ನೋಡಿದ್ದು. ಮೇಲೆ ಮೊಳೆಗೆ ಒಂದು ಕ್ಯಾಲೆಂಡರು ತೂಗುಹಾಕಿದ್ದರು. ಅದರ ಕೆಳತುದಿ ಗೋಡೆಗೆ ತಾಗದೆ ಒಂದು ಗೇಣು ದೂರದಲ್ಲಿ ಗಾಳಿಗೆ ಆಡುತ್ತಿತ್ತು. ಮೇಸ್ತ್ರಿಗಳು ತೂಕದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ನೋಡುತ್ತಾರಲ್ಲ, ಹಾಗೆ. ಕಾಗದ ನೆಟ್ಟಗಿತ್ತು, ಗೋಡೆ ವಾಲಿತ್ತು. ಇದು ಇಷ್ಟು ಸ್ಪಷ್ಟವಾಗಿದೆ. ಆದರೆ ಮೊದಲ ದಿನವೇ, ಮಜ್ಜಿಗೆ ಕುಡಿಯುತ್ತ ಬಾಗಿಲಿನಿಂದ ಒಳಗೆ ಕಣ್ಣು ಹಾಯಿಸಿದಾಗಲೇ ಈ ಕ್ಯಾಲೆಂಡರನ್ನು ನೋಡಿದ್ದೆನೆಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗಾಗಿದ್ದರೆ ಮನೆ ಕೆಟ್ಟಿದೆಯೆಂದು ತಿಳಿಯಲು ನಾನು ಬಡಿಯಬೇಕಾದ ಅಗತ್ಯವೇ ಇರಲಿಲ್ಲ.

ಅರ್ಜಿ ಕೊಟ್ಟೆ. ಪರಿಶೀಲನೆಯಲ್ಲಿದೆ ಎಂದರು. ಎರಡು ಸಲ ಹೋಗಿ ಕೇಳಿದೆ. ಮೂರನೆಯ ಸಲ ಹೋಗುವಷ್ಟರಲ್ಲಿ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಮೂರನೆಯ ಸಲ ಹೋಗದಿರಲು ವರ್ಗಾವಣೆ ಒಂದು ಕಾರಣ ಎಂದೇ ಈವರೆಗೆ ಹೇಳಿಕೊಂಡು ಬಂದಿದ್ದೇನೆ. ಎರಡೂ ಊರಿನ ನಡುವೆ ಬಸ್ಸುಗಳಿಗೇನೂ ಬರವಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ನಾನಿದ್ದ ಬಾಡಿಗೆ ಮನೆ ಕೇರಳದ ಲಾರಿಗಳು ಹೋಗುವ ದಾರಿಗೆ ಹತ್ತಿರವಿತ್ತು. ಭಾರದ ಲಾರಿ ಹೋದಾಗಲೆಲ್ಲ ಗೋಡೆ ಸಣ್ಣಗೆ ನಡುಗುತ್ತಿತ್ತು. ಮಲಗಿದ್ದಾಗ ಅಂಗೈಯನ್ನು ಗೋಡೆಗೆ ಇಟ್ಟು ನೋಡುವ ಅಭ್ಯಾಸ ಆಗ ಶುರುವಾಯಿತು. ಅದು ಸಿಮೆಂಟಿನ ಗಟ್ಟಿ ಗೋಡೆ. ಮಳೆ ಹಿಡಿದ ದಿನಗಳಲ್ಲಿ ನನಗೆ ಬೇರೆ ಗೋಡೆಯೊಂದು ನೆನಪಾಗುತ್ತಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವಾಗಿ ನೆನಪಾಗುತ್ತಿತ್ತೋ, ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತ ಮರೆತೇ ಹೋಗಿತ್ತೋ, ಹೇಳಲಾರೆ.

ಎರಡು ಮಳೆಗಾಲ ಕಳೆದ ಮೇಲೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಶೆಟ್ಟಿ ಸಿಕ್ಕಿದ. ಟೀ ಕೊಡಿಸಿದೆ.

"ದುಂಡಕ್ಕನ ಗೋಡೆ ಬಿತ್ತು ಸಾ" ಅಂದ.

ಲೋಟ ಕೆಳಗಿಟ್ಟೆ.

"ಗಾಬ್ರಿಯಾಗ್ಬ್ಯಾಡಿ. ಒಳಗೆ ಯಾರೂ ಇರ್ಲಿಲ್ಲ. ಮಾದೇವಿ ಮದ್ವೆಯಾಗಿ ಭೀಮನಬೀಡು ಸೇರ್ಕಂಡ್ಲು. ದುಂಡಕ್ಕ ಹೊಲಕ್ಕೋಗಿದ್ಲು. ಹಗಲೊತ್ತು, ಧುಬ್ ಅಂತ ಬಿತ್ತು. ಮಳೇಲಿ ಬಿದ್ದ ಮನೆ ಅಂತ ಬರ್ಕಂಡೋದ್ರು. ಈಗ ಹೊಸ ಮನೆ ಮಂಜೂರಾಗದೆ. ನಿಂತಿರಗಂಟ ಸಿಕ್ನಿಲ್ಲ, ಬಿದ್ಮೇಲೆ ಸಿಕ್ತು." ಟೀ ಊದಿ ಕುಡಿದು ಸೇರಿಸಿದ: "ಇನ್ನೊಂದೇನಪ್ಪ ಅಂದ್ರೆ, ಆ ಬೇವಿನ ಕಂಬ ಇತ್ತಲ್ಲ, ಅದು ಹಿಂದಿನ ದಿನಾನೇ ಅಂಗಳದಲ್ಲಿ ಬಿದ್ದಿತ್ತು. ಯಾರ್ ತೆಗುದ್ರೋ."

ನಾನು ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಅವತ್ತು ನಾನು ಗೋಡೆ ಬಡಿದಿದ್ದೆನೇ?

"ಎಲ್ಲಿ ಬಡುದ್ರಿ ಸಾ? ಚೇರಿಂದ ಮೇಲೇಳ್ನೇ ಇಲ್ಲ. ಓಗನ ಬಾರಯ್ಯ, ಬಿಸ್ಲು, ಅಂತಿದ್ರಿ."

ಬೈಸಿಕೊಂಡರೂ ಹಾಯೆನಿಸಿತು. ಬಡಿಯಲಿಲ್ಲ, ಆದ್ದರಿಂದ ಗೊತ್ತಿರಲಿಲ್ಲ, ಆದ್ದರಿಂದ ಅವಸರ. ಆ ಒಂದು ಟೀ ಬೆಲೆಗೆ ಹಲವು ವರ್ಷ ನೆಮ್ಮದಿಯಾಗಿದ್ದೆ.

ನಿವೃತ್ತನಾಗಿ ಚಾಮರಾಜನಗರಕ್ಕೆ ಬಂದ ಮೇಲೆ, ಹೋದ ವರ್ಷ, ಹರವೆಗೆ ಒಂದು ಮದುವೆಗೆ ಹೋದವನು ಅಲ್ಲಿಂದ ಆಟೋ ಹತ್ತಿ ಆ ಊರಿಗೆ ಹೋದೆ. ಮೊದಲು ಗುರುತೇ ಸಿಗಲಿಲ್ಲ. ಬೀದಿಯ ಅರ್ಧಕ್ಕೂ ಹೆಚ್ಚು ಮನೆ ಹೊಸವು. ಒಂದೇ ಅಳತೆ, ಒಂದೇ ಬಗೆಯ ಕಿಟಕಿ. ಪ್ರತಿ ಬಾಗಿಲಿನ ಪಕ್ಕ ಯೋಜನೆಯ ಹೆಸರು, ಅದರ ಕೆಳಗೆ ಮನೆಯ ಹೆಂಗಸಿನ ಹೆಸರು. ಒಂದು ಬೀದಿಯ ಮನೆಗಳೆಲ್ಲ ಹೆಂಗಸರ ಹೆಸರಿನಲ್ಲಿ ನಿಂತಿರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇದನ್ನೂ ಹೇಳಬೇಕು, ಹೇಳದಿದ್ದರೆ ನಾನು ಬರೀ ಎಡವಿದ ಕಡೆಯನ್ನೇ ತೋರಿಸಿದ ಹಾಗಾಗುತ್ತದೆ.

ಕೊನೆಯ ಮನೆಯ ಮೇಲೂ ಬಣ್ಣದಲ್ಲಿ ಬರೆದಿತ್ತು: ದುಂಡಮ್ಮ. ಸಿಮೆಂಟ್ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಮತ್ತು ಮನೆಯ ಮುಂದೆ, ಹತ್ತು ಹೆಜ್ಜೆ ದೂರದಲ್ಲಿ, ಹಳೆಯ ಮನೆಯ ಮುಂದಿನ ಗೋಡೆ ಒಂದೇ ಒಂದು ನಿಂತಿತ್ತು. ಚಾವಣಿಯಿಲ್ಲ, ಹಿಂದೆ ಏನೂ ಇಲ್ಲ. ಬಾಗಿಲ ಚೌಕಟ್ಟಿನ ಮೂಲಕವೇ ಹಾದು ಹೊಸ ಮನೆಗೆ ಹೋಗಬೇಕು. ಅದರ ನೆರಳಿನಲ್ಲಿ ಎರಡು ಮೇಕೆ ಕಟ್ಟಿದ್ದವು. ಗೋಡೆಯ ತಲೆಗೆ ಹೆಂಚು ಹೊದಿಸಿದ್ದಳು, ಮಳೆಗೆ ನೆನೆಯದಿರಲೆಂದು. ಸುಣ್ಣ ಹೊಸದಾಗಿತ್ತು.

"ಮೇಷ್ಟ್ರಾ? ಬನ್ನಿ ಸಾ, ಬನ್ನಿ. ಕೂದಲೆಲ್ಲ ಎಲ್ಲೋಯ್ತು?" ಎಂದು ಅವಳು ಹೊರಗೆ ಬಂದಳು. ಅವಳಿಗೂ ವಯಸ್ಸಾಗಿತ್ತು. ಕೂರಲು ಕುರ್ಚಿ ತಂದಳು. "ಇದು ನಮ್ದೇ ಸಾ" ಅಂದಳು.

ಹೊಸ ಮನೆ ಹೇಗಿದೆ ಎಂದೆ. "ಮಳೆಗೆ ಭಯ ಇಲ್ಲ. ಬ್ಯಾಸ್ಗೇಲಿ ರೊಟ್ಟಿ ಹಂಚು ಸಾ, ಅಲ್ಲೇ ಬೆಂದೋಯ್ತೀವಿ. ಮದ್ಯಾನದೊತ್ತು ಈ ಗೋಡೆ ನೆಳ್ಳಲ್ಲೇ ಮಲಗದು." ಹಿಂದಿನ ಗೋಡೆ ತಾನಾಗಿಯೇ ಬಿತ್ತೇ ಎಂದು ಕೇಳಿದೆ. "ಮಳೆ ಸಾ" ಅಂದಳು. ನನ್ನನ್ನೇ ನೋಡುತ್ತ ಸ್ವಲ್ಪ ನಕ್ಕಳು. "ಅಂಗಂತ ಬರ್ಕಂಡವ್ರಲ್ಲ."

ಎದ್ದು ಹೋಗಿ ಆ ಹಳೆಯ ಗೋಡೆಯನ್ನು ಗೆಣ್ಣಿನಲ್ಲಿ ಬಡಿದೆ. ದಪ್, ದಪ್. ಕಿವಿಯಿದ್ದ ಯಾರಿಗಾದರೂ ಅದು ಮಣ್ಣೆಂದು ಗೊತ್ತಾಗುತ್ತಿತ್ತು. ಬೆರಳಿಗೆ ಸುಣ್ಣ ಹತ್ತಿತು.

"ಅವತ್ತೇ ಹೀಗೆ ಬಡಿದಿದ್ದರೆ ನಿಮಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಕಣಮ್ಮ" ಎಂದೆ. ಕ್ಷಮೆ ಕೇಳುವುದಕ್ಕೆ ನನಗೆ ಗೊತ್ತಿದ್ದ ಹತ್ತಿರದ ದಾರಿ ಅದು.

ಅವಳು ಅಚ್ಚರಿಯಿಂದ ನೋಡಿದಳು. "ಬಡುದ್ರಲ್ಲ ಸಾ!"

"ನಾನಾ?"

"ಇಲ್ಲೇ, ಈ ಬಳ್ಳಿ ಪಕ್ಕದಲ್ಲೇ. ಎರಡು ಸಲ ಬಡುದ್ರಿ. ಬಡ್ದು ನನ್ ಮೊಕ ನೋಡಿದ್ರಿ. ನಾನು, ಬುಡಿ ಸಾ, ಅಂದೆ. ನೀವು ಒಂದು ಗಳಿಗೆ ಸುಮ್ನಿದ್ದು ಬರ್ಕಂಡ್ರಿ. ನಿಮ್ ಉಪ್ಕಾರ ಮರ್ಯಕಾಯ್ತದಾ? ಭೀಮನಬೀಡಿನೋರು ಬಂದಾಗ ಯೋಳ್ದೆ, ಸರ್ಕಾರ್ದೋರೇ ಒಳ್ಳೆ ಮನೆ ಅಂತ ಬರ್ಕಂಡೋಗವ್ರೆ ಅಂತ."

ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದಳು. ಬಡಿದಿದ್ದರೆ ಅದು ಮಣ್ಣೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟಿಗೆ ಎಂದು ಬರೆದೆ. ಹೊಟ್ಟೆಬಿಟ್ಟ ಗೋಡೆಯ ಬುಡದಲ್ಲಿ ತಾಯಿ ಮಗಳನ್ನು ಮಳೆಗಾಲದಲ್ಲೂ ಮಲಗಿಸಿದೆ. ಅಥವಾ ಅವಳ ಮಾತನ್ನು ನಡೆಸಿಕೊಟ್ಟು ಅವಳ ಮಗಳ ಮದುವೆಗೆ ನೆರವಾದೆ. ಎರಡೂ ಒಂದೇ ಕೈ, ಒಂದೇ ಚೌಕ, ಒಂದೇ ಅಂಕಿ. ಸಿದ್ದಶೆಟ್ಟಿ ಹೇಳಿದ್ದು ನಿಜವಾದರೆ ನಾನು ಸೋಮಾರಿ, ಅಷ್ಟೇ. ದುಂಡಮ್ಮ ಹೇಳಿದ್ದು ನಿಜವಾದರೆ ನಾನು ಏನೆಂದು ಹೇಳಲು ನನ್ನಲ್ಲಿ 'ಅವಸರ'ದಂಥ ಸಲೀಸಾದ ಪದವಿಲ್ಲ. ಅವಳು ನನ್ನ ಮೇಲಿನ ಅಭಿಮಾನಕ್ಕೆ ಕಟ್ಟಿಕೊಂಡ ಕಥೆಯಾಗಿಯೂ ಇರಬಹುದು ಅದು. ಬೀಳುವ ಮನೆಗೇ ಬಳ್ಳಿ ಬರೆದವಳು ಕಳೆದುಹೋದ ಒಂದು ದಿನವನ್ನು ಸಿಂಗರಿಸದೆ ಬಿಡುತ್ತಾಳೆಯೇ?

ಇನ್ನೊಂದು ತೊಡಕು ನೋಡಿ. ನನ್ನ ಕಿವಿಯಲ್ಲಿರುವ ದಪ್ ದಪ್, ಬೆರಳಿನ ಸುಣ್ಣ, ಇವು ಅವತ್ತಿನವೋ ಹೋದ ವರ್ಷ ಬಡಿದಾಗಿನವೋ ಈಗ ಬಿಡಿಸಲಾಗುತ್ತಿಲ್ಲ. ಸಾಕ್ಷಿ ಹುಡುಕಲು ಹೋಗಿ, ಇದ್ದ ಒಂದು ಸಾಕ್ಷಿಯನ್ನೂ ನಾನೇ ಕೆಡಿಸಿಕೊಂಡು ಬಂದೆ.

"ಅಂಕಲ್, ಹೊತ್ತಾಯ್ತು. ಇಟ್ಟಿಗೆ ಅಂತ ಹಾಕ್ಬುಡ್ಲಾ?" ಟೀಚರು ಲೋಟ ಕೆಳಗಿಟ್ಟು ಫೋನು ಎತ್ತಿಕೊಂಡಿದ್ದಳು.

"ಒಳಗೆ ಬಾರಮ್ಮ ಒಂದು ನಿಮಿಷ" ಎಂದೆ.

ಈ ಮನೆಯನ್ನು ಕೊಂಡಾಗ ಮುಂದಿನ ಭಾಗವನ್ನಷ್ಟೇ ಇಟ್ಟಿಗೆಯಲ್ಲಿ ಕಟ್ಟಿಸಿದ್ದೆ. ಅಡುಗೆಮನೆಯ ಹಿಂದಿನ ಗೋಡೆ ಹಳೆಯದು, ಎರಡು ಗೇಣು ದಪ್ಪದ ಮಣ್ಣಿನದು, ಮೇಲೆ ಗಾರೆ. ಮನೆಗೆ ಬಂದವರಿಗೆ ನಾನು ಅದನ್ನು ಎಂದೂ ತೋರಿಸಿದವನಲ್ಲ. ಕಪಾಟನ್ನು ಪಕ್ಕಕ್ಕೆ ಸರಿಸಿ, "ಇದನ್ನೂ ಬಡಿ" ಎಂದೆ.

ಬಡಿದಳು. ದಪ್.

"ಅಯ್ಯೋ, ಇದು ಮಣ್ಣು. ಒಂದೇ ಹಾಕೋಕಾಗೋದು ಅಂಕಲ್. ಎರಡು ತಗೊಳಲ್ಲ ಇದು. ಏನ್ ಹಾಕ್ಲಿ?" ಎಂದು ನನ್ನ ಮುಖ ನೋಡಿದಳು.

ಬರೆದುಕೊಳ್ಳುವವರು ಹೀಗೆ ನೋಡಿದಾಗ ಮನೆಯವರಿಗೆ ಏನನ್ನಿಸುತ್ತದೆ ಎಂದು ಈಗ ನನಗೆ ತಿಳಿಯಿತು. ಒಂದು ಮಾತು ಸಾಕು, ಅವಳು ಬರೆದುಕೊಳ್ಳುತ್ತಾಳೆ. 'ಬಿಡಮ್ಮ' ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು.

"ನಿನ್ನ ಕಿವಿಗೆ ಕೇಳಿಸಿದ್ದನ್ನ ಹಾಕು" ಎಂದೆ.

ಅವಳು ಸ್ವಲ್ಪ ಹೊತ್ತು ನಿಂತು, ಹೆಬ್ಬೆರಳಿನಿಂದ ಏನನ್ನೋ ಒತ್ತಿದಳು. ನನಗೆ ಕನ್ನಡಕವಿರಲಿಲ್ಲ. ಕೇಳಲೂ ಇಲ್ಲ. ಅವಳು ಹೋದ ಮೇಲೆ ಕಪಾಟನ್ನು ಹಿಂದಕ್ಕೆ ಸರಿಸದೆ ಹಾಗೇ ಬಿಟ್ಟಿದ್ದೇನೆ.

ನಮ್ಮ ಮನೆ ಏನೆಂದು ಬರೆಯಲ್ಪಟ್ಟಿತೋ ನನಗೆ ಗೊತ್ತಿಲ್ಲ. ಬೇವಿನ ಕಂಬವನ್ನು ಯಾರು ತೆಗೆದರೋ ಗೊತ್ತಿಲ್ಲ. ದುಂಡಮ್ಮನ ಗೋಡೆಯನ್ನು ಅವತ್ತು ನಾನು ಬಡಿದೆನೋ ಇಲ್ಲವೋ, ಅದೂ ಗೊತ್ತಿಲ್ಲ.